20 ವರ್ಷದ ಝೆನ್, 60 ದಾಟಿದ್ರೆ ಗೂಂ ಅಂತ ಸದ್ದು, ಎರಡು ಬೇರಿಂಗ್ ಹಾಕ್ಸಿದ್ರೂ ಹೋಗ್ತಿಲ್ಲ

ಕಾಯಿಮಂಡಿ_ಹುಡ್ಗ

ಎಲ್ರಿಗೂ ನಮಸ್ಕಾರ. ಗಾಡಿ 2004ರ ಮಾರುತಿ ಝೆನ್ ಪೆಟ್ರೋಲ್ ಕಾರು, ಅಪ್ಪಾಜಿ ತಗೊಂಡಿದ್ದು ಈಗ ನಾನು ಓಡಿಸ್ತೀನಿ, 1.32 ಲಕ್ಷ ಕಿಮೀ ಆಗಿದೆ. ಇಂಜಿನ್ ಬಗ್ಗೆ ಕಂಪ್ಲೇಂಟೇ ಇಲ್ಲ, ಚಳಿಗಾಲದಲ್ಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟು. ಎಫ್‌ಸಿನೂ ರಿನ್ಯೂವಲ್ ಆಗಿ 2029ರ ತನಕ ಇದೆ, ಅದಕ್ಕೇ ಮಾರೋಕೂ ಮನಸಿಲ್ಲ.

ಸಮಸ್ಯೆ ಏನಪ್ಪಾ ಅಂದ್ರೆ 55-60 ದಾಟ್ತಿದ್ದ ಹಾಗೇ ಗೂಂ... ಅಂತ ಒಂದು ಸದ್ದು ಶುರು ಆಗುತ್ತೆ, ಎರಡು ಬೀದಿ ಆಚೆ ಹಿಟ್ಟಿನ ಗಿರಣಿ ಓಡ್ತಿದ್ರೆ ಕೇಳುತ್ತಲ್ಲ ಆ ಥರ, 80ರಲ್ಲಿ ರೇಡಿಯೋ ಕೇಳೋದಕ್ಕಾಗಲ್ಲ, ಜೊತೆಗೆ ಕಾಲಡಿ ನೆಲದಲ್ಲಿ ಸಣ್ಣಗೆ ಜುಂ ಅನ್ನುತ್ತೆ. ಊರಲ್ಲಿ ಗ್ಯಾರೇಜಿಗೆ ತೋರಿಸ್ದೆ, ಒಂದು ರೌಂಡ್ ಹೊಡ್ಕೊಂಡು ಬಂದು ಮುಂದಿನ ಎಡಗಡೆ ವೀಲ್ ಬೇರಿಂಗ್ ಅಂದ್ರು, ಹಾಕ್ಸಿದೆ, ಹೋಗ್ಲಿಲ್ಲ. ಹಾಗಾದ್ರೆ ಬಲಗಡೆದು ಅಂದ್ರು, ಅದನ್ನೂ ಹಾಕ್ಸಿದೆ. ಲೇಬರ್ ಸೇರಿ 4,600 ಆಯ್ತು, ಸದ್ದು ಇದ್ದ ಹಾಗೇ ಇದೆ. ಈಗ ಗೇರ್‌ಬಾಕ್ಸ್ ಇಳಿಸ್ಬೇಕು ಅಂತಿದ್ದಾರೆ. ಗೇರ್‌ಬಾಕ್ಸ್ ಕೆಲಸಕ್ಕೆ ಆಗೋ ದುಡ್ಡಿಗೆ ಇನ್ನೊಂದು ಹಳೇ ಝೆನ್ ಅರ್ಧ ಬರುತ್ತೇನೋ.

ವಾರಕ್ಕೊಂದ್ಸಲ ತಿಪಟೂರು-ಬೆಂಗಳೂರು ಓಡಾಟ. ಹೋಗುವಾಗ ಸದ್ದು ಒಂಥರ, ಊರಿಂದ ಬರುವಾಗ ಡಿಕ್ಕೀಲಿ ಎರಡು ಚೀಲ ಕಾಯಿ ಇರುತ್ತೆ ಆಗ ಇನ್ನೊಂಥರ ಅನ್ಸುತ್ತೆ, ಭ್ರಮೆನೂ ಇರ್ಬೋದು ಬಿಡಿ. ಯಾರಿಗಾದ್ರೂ ಹೀಗಾಗಿತ್ತಾ?

ರೋಡ್‌ಕಿಂಗ್

ಬೇರಿಂಗೇ ಗುರು. ಡೂಪ್ಲಿಕೇಟ್ ಹಾಕಿರ್ತಾರೆ. ಒರಿಜಿನಲ್ ಹಾಕ್ಸಿ.

ಹುಬ್ಬಳ್ಳಿ_ಗಾಡಿ

ಅಣ್ಣಾರ, ಬೇರಿಂಗ್ ಹಾಕೂ ಮುಂದ ನೀವು ನಿಂತ್ ನೋಡಿದ್ರೇನು? ಪ್ರೆಸ್‌ನ್ಯಾಗ ಕುಂದರ್ಸಿದ್ರೋ ಇಲ್ಲಾ ಸುತ್ತಿಗಿ ತಗೊಂಡು ಹೊಡದ್ ಹಾಕಿದ್ರೋ? ಯಾಕಂದ್ರ ಸುತ್ತಿಗಿ ಏಟು ಬಿದ್ರ ಒಳಗಿನ ಬಾಲ್ ಹೋಗಿ ರೇಸ್ (ಬಾಲ್ ಉರುಳೂ ಬಳಿ) ಮ್ಯಾಲೆ ಗುಳಿ ಮಾಡ್ತಾವ, ಹೊಸಾ ಬೇರಿಂಗು ತಿಂಗಳೊಪ್ಪತ್ತಿನ್ಯಾಗ ಗುಂಯ್ ಅನ್ನಾಕ ಶುರು ಮಾಡ್ತದ. ನಂದೊಂದು ಹಂಗ ಆಗಿ ಮೂರ್ ಸಲ ಬಿಚ್ಚಿಸೇನಿ ನೋಡ್ರಿ.

ಪರೀಕ್ಷಾ ಮಾಡೂದು ಸರಳ ಐತಿ. ಖಾಲಿ ರೋಡ್ ನೋಡ್ಕೊಂಡು 60ರಾಗ ಸ್ಟೇರಿಂಗ್ ಸ್ವಲ್ಪ ಎಡಕ್ಕ ಸ್ವಲ್ಪ ಬಲಕ್ಕ ಆಡಸ್ರಿ, ಬಾಳ ಅಲ್ಲ ಮತ್ತ. ಎಡಕ್ಕ ತಿರುಗಿಸಿದ್ರ ಗಾಡಿ ವಜ್ಜಿ ಬಲಗಡೆ ಗಾಲಿ ಮ್ಯಾಲ ಬೀಳ್ತದ, ಆವಾಗ ಸದ್ದು ಜಾಸ್ತಿ ಆತು ಅಂದ್ರ ಬಲಗಡೆ ಬೇರಿಂಗ್, ಉಲ್ಟಾ ಆದ್ರ ಎಡಗಡೆ. ಎರಡೂ ಕಡೆ ಏನೂ ಫರಕ್ ಆಗ್ಲಿಲ್ಲ ಅಂದ್ರ ಬೇರಿಂಗ್ ಮ್ಯಾಲಿನ ಅನುಮಾನ ಅರ್ಧ ಬಿಟ್ಟುಬಿಡ್ರಿ. ಗೇರ್‌ಬಾಕ್ಸ್ ಅಂತೂ ಈಗ ಇಳಸಬ್ಯಾಡ್ರಿ.

ಕುಡ್ಲದ_ಡ್ರೈವರ್

ನನ್ನ ಹಳೆ ಮಾರುತಿ 800ರಲ್ಲಿ ಆರು ತಿಂಗಳು ಹಿಂದಿನಿಂದ ಕಟಕಟ ಕಟಕಟ ಅಂತ ಇತ್ತು ಮಾರಾಯ್ರೆ, ಶಾಕ್ ಅಬ್ಸಾರ್ಬರ್, ಬುಷ್, ಸೈಲೆನ್ಸರ್ ರಬ್ಬರ್ ಎಲ್ಲ ಚೇಂಜ್ ಮಾಡಿಸಿ ಆಯ್ತು. ಕಡೆಗೆ ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ತೆಗೀಲಿಕ್ಕೆ ಹೋದಾಗ ಗೊತ್ತಾಯ್ತು, ಜಾಕ್ ಅದರ ಕ್ಲಿಪ್ಪಿಂದ ಬಿಟ್ಟು ಬಾಡಿಗೆ ಬಡೀತಾ ಇತ್ತು. ನಿಮ್ಮದು ಆ ಥರದ ಸದ್ದು ಅಲ್ಲ, ಆದ್ರೂ ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿ ಒಂದು ಸಲ ಓಡಿಸಿ ನೋಡಿ, ಖರ್ಚಿಲ್ಲ ಅಲ್ವಾ.

ಲೇತ್_ಮೇಷ್ಟ್ರು

ಪ್ರಶ್ನೆಯಲ್ಲೇ ಒಂದು ಮುಖ್ಯವಾದ ಸುಳಿವು ಕೊಟ್ಟು ನೀವೇ ಭ್ರಮೆ ಅಂತ ತಳ್ಳಿಹಾಕಿಬಿಟ್ಟಿದ್ದೀರಿ. ಎರಡು ಚೀಲ ಕಾಯಿ ಅಂದ್ರೆ ಕಮ್ಮಿ ತೂಕ ಅಲ್ಲ, ಅದು ಕೂರೋದು ಹಿಂದಿನ ಎರಡು ಚಕ್ರದ ಮೇಲೆ. ಆ ತೂಕಕ್ಕೆ ಸದ್ದು ಬದಲಾಗುತ್ತೆ ಅಂದ್ರೆ ಇಷ್ಟು ದಿನ ನೀವು ಮುಂದೆ ಹುಡುಕಿದ್ದು ವೇಸ್ಟು ಅನ್ನೋದು ನನ್ನ ಅನುಮಾನ. ಸಣ್ಣ ಗಾಡಿ ಒಳಗೆ ಡಬ್ಬ ಇದ್ದ ಹಾಗೆ, ಹಿಂದೆ ಹುಟ್ಟಿದ ಸದ್ದು ನೆಲದ ತಗಡು ಹಿಡ್ಕೊಂಡು ಮುಂದೆ ಡ್ರೈವರ್ ಕಾಲಡಿ ಬಂದು ಕೇಳುತ್ತೆ, ಕಿವಿ ನಂಬಬೇಡಿ.

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಟೈರ್ 145/70 ಆರ್13 ಇದ್ರೆ ಅದರ ವ್ಯಾಸ ಸುಮಾರು 533 ಮಿಮೀ, ಸುತ್ತಳತೆ 1.67 ಮೀಟರ್. 80ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ, ಅಂದ್ರೆ ಚಕ್ರ ಸೆಕೆಂಡಿಗೆ 13 ಸುತ್ತು. ವೀಲ್ ಬ್ಯಾಲೆನ್ಸ್ ತಪ್ಪಿದ್ರೆ ಸುತ್ತಿಗೊಂದು ಏಟು, ಸೆಕೆಂಡಿಗೆ 13 ಏಟು, ಅದು ಕಿವಿಗಿಂತ ಮೈಗೇ ಮೊದಲು ಗೊತ್ತಾಗುತ್ತೆ, ಮುಂದಿನ ಚಕ್ರ ಆದ್ರೆ ಸ್ಟೇರಿಂಗ್, ಹಿಂದಿನದಾದ್ರೆ ಸೀಟು ನಡುಗುತ್ತೆ. ನೀವು ಅಂಥ ನಡುಕ ಹೇಳಿಲ್ಲ, ಗೂಂ ಹೇಳಿದ್ದೀರಿ. ಗೂಂ ಅನ್ನಬೇಕಾದ್ರೆ ಚಕ್ರದ ಒಂದೊಂದು ಸುತ್ತಲ್ಲೂ ಏಳೆಂಟು ಏಟು ಬೀಳಬೇಕು. ಅಷ್ಟು ಏಟು ಕೊಡೋದು ಒಂದೋ ಬೇರಿಂಗು, ಇಲ್ಲ ಗುಳಿಗುಳಿ ಸವೆದ ಟೈರು. ಫೋನಲ್ಲಿ ಆಪ್ ಹಾಕಿ ಸದ್ದು ಅಳೀತೀನಿ ಅನ್ನೋರಿಗೆ ಒಂದು ಮಾತು, 4 ಸಿಲಿಂಡರ್ ಇಂಜಿನ್ನೂ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಫೈರ್ ಆಗುತ್ತೆ, ಎರಡೂ ಹತ್ತಿರ ಹತ್ತಿರ ಬರೋದ್ರಿಂದ ಆಪ್ ನೋಡಿ ಇದು ಇಂಜಿನ್ನಾ ಟೈರಾ ಅಂತ ಹೇಳೋಕೆ ಕಷ್ಟ.

ಅದಕ್ಕೆ ಮೊದಲು ಇಂಜಿನ್ ಹೊರಗಿಡಿ. ಇಳಿಜಾರಿಲ್ಲದ ಖಾಲಿ ರೋಡಲ್ಲಿ 70ಕ್ಕೆ ಹೋಗಿ ನ್ಯೂಟ್ರಲ್‌ಗೆ ತನ್ನಿ, ಇಂಜಿನ್ ಐಡಲ್‌ಗೆ ಇಳಿದ್ರೂ ಗೂಂ ಹಾಗೇ ಇದ್ರೆ ಇಂಜಿನ್ ಅಲ್ಲ, ಕ್ಲಚ್ ಅಲ್ಲ. ಕೀ ಮಾತ್ರ ಆಫ್ ಮಾಡಬೇಡಿ ದಯವಿಟ್ಟು, ಬ್ರೇಕ್ ಬೂಸ್ಟರ್ ಸಹಾಯ ಹೋಗುತ್ತೆ, ಕೀ ಹೊರಗೆ ಬಂದ್ರೆ ಸ್ಟೇರಿಂಗ್ ಲಾಕ್ ಆಗುತ್ತೆ. ಆಮೇಲೆ ರೋಡು ಬದಲಾಯಿಸಿ ನೋಡಿ. ಡಾಂಬರ್ ರೋಡಿಂದ ಕಾಂಕ್ರೀಟಿಗೆ ಹೋದಾಗ ಸದ್ದಿನ ಬಣ್ಣ ಬದಲಾದ್ರೆ ಟೈರು, ಬೇರಿಂಗಿಗೆ ರೋಡು ಯಾವುದಾದ್ರೇನು. ಕಡೇದಾಗಿ ಹಿಂದಿನ ಟೈರ್ ಮೇಲೆ ಅಂಗೈ ಇಟ್ಟು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿ. ಒಂದು ಕಡೆ ನುಣ್ಣಗೆ, ವಾಪಸ್ ಬರುವಾಗ ಗರಗಸ ಮುಟ್ಟಿದ ಹಾಗೆ ಆದ್ರೆ ನಿಮ್ಮ ಕಳ್ಳ ಸಿಕ್ಕಿದ. ನೋಡಿದ್ರೆ ಬಟನ್ (ಟೈರ್ ಮೇಲಿನ ರಬ್ಬರ್ ಕಟ್ಟೆ) ಚೆನ್ನಾಗೇ ಇದೆ ಅನ್ಸುತ್ತೆ, ಮುಟ್ಟಿದ್ರೇನೇ ಗೊತ್ತಾಗೋದು.

ಕಾಯಿಮಂಡಿ_ಹುಡ್ಗ

ಮೇಷ್ಟ್ರೇ, ಟೈರ್ ಸೈಜ್ ನೀವು ಹೇಳಿದ್ದೇ. ಆದ್ರೆ ಹಿಂದಿನ ಟೈರ್ ಇನ್ನೂ ಬೇಜಾನ್ ಬಟನ್ ಇದೆ, ಅದಕ್ಕೇ ಆ ಕಡೆ ಯೋಚ್ನೇನೇ ಮಾಡಿರ್ಲಿಲ್ಲ. ಭಾನುವಾರ ಊರಿಗೆ ಹೋಗ್ತೀನಿ, ಎಲ್ಲಾ ಟೆಸ್ಟ್ ಮಾಡಿ ಹಾಕ್ತೀನಿ. ಹುಬ್ಬಳ್ಳಿ ಅಣ್ಣಾ, ಬೇರಿಂಗ್ ಹೊಡೆದೇ ಹಾಕಿದ್ದು, ನಾನೇ ಪಕ್ಕದಲ್ಲಿ ಟೀ ಕುಡೀತಾ ನೋಡ್ತಿದ್ದೆ 😐

ಹುಬ್ಬಳ್ಳಿ_ಗಾಡಿ

ಹೋತು ಬಿಡ್ರಿ 😂 ಜಾಕ್ ಹಚ್ಚಿ ಗಾಲಿ ತಿರುಗಿಸೂ ಮುಂದ ಇನ್ನೊಂದ್ ಕೈ ಕಾಯಿಲ್ ಸ್ಪ್ರಿಂಗ್ ಮ್ಯಾಲ ಇಡ್ರಿ. ಬೇರಿಂಗ್ ಕೆಟ್ಟಿದ್ರ ಸ್ಪ್ರಿಂಗ್‌ನ್ಯಾಗ ಗರಗರ ಅಂತ ಕೈಗೆ ಗೊತ್ತಾಗ್ತದ, ಕಿವಿಗಿಂತ ಕೈ ಛಲೋ. ಬರೇ ಜಾಕ್ ಮ್ಯಾಲ ನಂಬಿ ಗಾಡಿ ಕೆಳಗ ತೆಲಿ ಹಾಕಬ್ಯಾಡ್ರಿ ಮತ್ತ, ಉಳದ ಗಾಲಿಗೆ ಕಲ್ಲ ಕೊಡ್ರಿ.

ಕಾಯಿಮಂಡಿ_ಹುಡ್ಗ

ಅಪ್ಡೇಟ್. ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಶನಿವಾರ ರಾತ್ರಿ ಹೊರಟೆ, ತುಮಕೂರು ದಾಟಿ ಗುಬ್ಬಿ ಆದ್ಮೇಲೆ ರೋಡ್ ಖಾಲಿ ಇತ್ತು, ನ್ಯೂಟ್ರಲ್ ಟೆಸ್ಟ್ ಮಾಡ್ದೆ, ಇಂಜಿನ್ ಸೌಂಡ್ ಇಳೀತು ಗೂಂ ಮಾತ್ರ ಇನ್ನೂ ಚೆನ್ನಾಗಿ ಕೇಳ್ತು. ಸ್ಟೇರಿಂಗ್ ಆಡಿಸಿದ್ರೆ ಯಾವ ಕಡೆಗೂ ವ್ಯತ್ಯಾಸ ಇಲ್ಲ. ಬೆಳಿಗ್ಗೆ ತಮ್ಮನ್ನ ಹಿಂದಿನ ಸೀಟಲ್ಲಿ ಕೂರಿಸಿ ಕಿವಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹತ್ರ ಇಡು ಅಂದೆ, 65ಕ್ಕೆ ಹೋಗ್ತಿದ್ದ ಹಾಗೇ "ಅಣ್ಣಾ ಇಲ್ಲೇ, ಎರಡೂ ಕಡೆನೂ, ಬಲಗಡೆ ಜಾಸ್ತಿ" ಅಂತ ಕೂಗ್ದ.

ಮನೆ ಮುಂದೆ ನಿಲ್ಸಿ ಟೈರ್ ಸವರಿದೆ. ಮೇಷ್ಟ್ರೇ, ಗರಗಸ ಅಂದ್ರೆ ಗರಗಸಾನೇ! ಒಳಗಡೆ ಅಂಚಲ್ಲಿ ಒಂದು ಗೇಣಿಗೊಂದು ಗುಳಿ. ಎರಡು ವರ್ಷದ ಹಿಂದೆ ಮುಂದೆ ಇದ್ದ ಟೈರ್‌ಗಳನ್ನ ಹಿಂದಕ್ಕೆ ಹಾಕ್ಸಿದ್ದೆ, ಅವೇ ಇವು. ಸೈಡಲ್ಲಿ ನಾಲ್ಕು ಅಂಕಿ ನೋಡಿದ್ರೆ 2316 ಅಂತ ಇದೆ.

ಗುಳಿ ಯಾಕೆ ಬಿತ್ತು ಅಂತ ಡಿಕ್ಕಿ ಮೂಲೆ ಜೋರಾಗಿ ಒತ್ತಿ ಬಿಟ್ಟು ನೋಡಿದೆ, ಬಲಗಡೆ ಮೂರು ನಾಲ್ಕು ಸಲ ತೊಟ್ಟಿಲ ಥರ ತೂಗ್ತು. ಬಗ್ಗಿ ನೋಡಿದ್ರೆ ಶಾಕ್ ಅಬ್ಸಾರ್ಬರ್ ಮೇಲೆಲ್ಲ ಎಣ್ಣೆ ಸುರಿದು ಧೂಳು ಮೆತ್ತಿದೆ.

ಇನ್ನೂ ನಂಬಿಕೆ ಬರ್ಲಿಲ್ಲ, ಟೈರ್‌ಗೆ ದುಡ್ಡು ಹಾಕೋ ಮೊದಲು ಹಿಂದಿನದನ್ನ ಮುಂದಕ್ಕೆ ಮುಂದಿನದನ್ನ ಹಿಂದಕ್ಕೆ ಬದಲಾಯಿಸಿ ಓಡಿಸ್ದೆ, ಗೂಂ ಸದ್ದೂ ಟೈರ್ ಜೊತೆ ಮುಂದಕ್ಕೆ ಬಂತು, ಮೇಲಿಂದ ಸ್ಟೇರಿಂಗೂ ನಡುಗೋಕೆ ಶುರು.

ಲೇತ್_ಮೇಷ್ಟ್ರು

ಕೊನೇ ಟೆಸ್ಟ್ ನಾನು ಹೇಳದೇ ಇದ್ರೂ ಮಾಡಿದ್ರಲ್ಲ, ಭೇಷ್. ಆ ಟೈರ್‌ಗಳನ್ನ ಮುಂದೆ ಹಾಗೇ ಬಿಟ್ಕೊಂಡು ಬೆಂಗಳೂರಿಗೆ ಬರಬೇಡಿ. 2316 ಅಂದ್ರೆ 2016ನೇ ಇಸವಿಯ 23ನೇ ವಾರ ತಯಾರಾಗಿದ್ದು, ಬಟನ್ ಎಷ್ಟಿದ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೇಲಿ ಹಿಡಿಯಲ್ಲ. ಶಾಕ್ ಅಬ್ಸಾರ್ಬರ್ ಬಲಗಡೆದೊಂದೇ ಸೋರ್ತಿದ್ರೂ ಹಿಂದಿನ ಎರಡನ್ನೂ ಜೋಡಿಯಾಗೇ ಹಾಕಿಸಿ, ಮೊದಲು ಅದು, ಆಮೇಲೆ ಟೈರು. ಉಲ್ಟಾ ಮಾಡಿದ್ರೆ ಚಕ್ರ ರೋಡ್ ಮೇಲೆ ಕುಣಿದು ಹೊಸ ಟೈರಿಗೂ ಗುಳಿ ಬೀಳುತ್ತೆ, ಇದೇ ಗತಿ.

ಕಾಯಿಮಂಡಿ_ಹುಡ್ಗ

ವಾಪಸ್ ಮೊದಲಿನ ಥರಾನೇ ಹಾಕಿ 50ರಲ್ಲಿ ನಿಧಾನಕ್ಕೆ ಬಂದೆ ಮೇಷ್ಟ್ರೇ. ಜೆ.ಸಿ. ರೋಡಲ್ಲಿ ವಿಚಾರಿಸಿ ಎರಡೂ ಶಾಕ್ ಅಬ್ಸಾರ್ಬರ್ ತಗೊಂಡೆ, ನಿನ್ನೆ ಫಿಟ್ಟಿಂಗ್ ಆಯ್ತು, ಜೊತೆಗೆ ಎರಡು ಹೊಸ ಟೈರ್, ಬ್ಯಾಲೆನ್ಸಿಂಗ್. ನೆಲಮಂಗಲದ ತನಕ ಹೋಗಿ ಬಂದೆ, 80ರಲ್ಲಿ ಗಾಳಿ ಸದ್ದು ಕೇಳ್ತಿದೆ. ಊರಿನ ಗ್ಯಾರೇಜಿಗೆ ಫೋನ್ ಮಾಡಿ ಹೇಳಿದ್ರೆ "ಹೌದಾ, ನಾನು ಅವತ್ತೇ ಅನ್ಕೊಂಡಿದ್ದೆ" ಅಂತಾರೆ.

ಹಳೇ ಎರಡು ಬೇರಿಂಗ್ ಚೀಲದಲ್ಲಿ ಕೊಟ್ಟಿದ್ರು, ತೆಗೆದು ತಿರುಗಿಸಿ ನೋಡಿದೆ, ನುಣ್ಣಗೆ ತಿರುಗ್ತಾವೆ. ಈಗ ಅವನ್ನ ಏನ್ ಮಾಡ್ಲಿ?

ಹುಬ್ಬಳ್ಳಿ_ಗಾಡಿ

ಬಿಚ್ಚೂ ಮುಂದ ಏಟು ಬಿದ್ದಿರ್ತಾವ, ಕೈಯಾಗ ನುಣ್ಣಗ ತಿರುಗಿದ್ರೂ ವಾಪಸ್ ಹಾಕಬ್ಯಾಡ್ರಿ, ಗುಜರಿಗೆ ಕೊಡ್ರಿ. ಹೊಸಾವು ಗುಂಯ್ ಅಂದ್ರ ಇಲ್ಲೇ ಬಂದು ಹೇಳ್ರಿ. ಅದಿರ್ಲಿ, ಇದನ್ನೆಲ್ಲಾ ಓದಿ ಈಗ ಹೊರಗ ಹೋಗಿ ನನ್ನ ಗಾಡಿ ಹಿಂದಿನ ಟೈರ್ ಸವರಿ ಬಂದೆ. ಮೇಷ್ಟ್ರ, ಒಂದ ಕಡೆ ಅಷ್ಟ ಗರಗಸ ಆದ್ರ ನಡೀತದೇನ್ರಿ?

ಲೇತ್_ಮೇಷ್ಟ್ರು

ಫೋಟೋ ಹಾಕಿ. ಶಾಕ್ ಅಬ್ಸಾರ್ಬರ್‌ದೂ.