ಅಪ್‌ಡೇಟ್: ಸ್ಪ್ರೇ ಪೇಂಟ್ ಅಂಚು ಕೊನೆಗೂ ಬಂತು

ಫೋಟೋಶಾಪ್‌ನಲ್ಲಿ ಸ್ಪ್ರೇ ಪೇಂಟ್ ಅಕ್ಷರ ಬರೆದರೆ ಅಂಚು ಬರೀ ಮಂಜು ಮಂಜಾಗಿ ಕಾಣುತ್ತೆ, ಕಾಳು ಕಾಳಾಗಿ ಬರೋದು ಹೇಗೆ ಅಂತ ಕೇಳಿದ್ದೆ. ಡಿಸಾಲ್ವ್ ಮೋಡ್ ನೋಡಿ ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸ ಮಾಡಿತು.

ಮೆತ್ತನೆ ಬ್ರಷ್, ಹಾರ್ಡ್‌ನೆಸ್ (ಅಂಚಿನ ಗಡಸುತನ) 0, ಬ್ರಷ್‌ನ ಮೋಡ್ ಡಿಸಾಲ್ವ್. ಅಂಚಿನ ಅರೆಪಾರದರ್ಶಕ ಭಾಗವೆಲ್ಲ ಚುಕ್ಕಿಗಳಾಗಿ ಒಡೆಯುತ್ತೆ. ನಡುವೆ ಗಟ್ಟಿ ಬಣ್ಣ, ಹೊರಗೆ ಹೋದಂತೆ ಚುಕ್ಕಿ ವಿರಳ. ಆದರೆ ಪ್ರತಿ ಚುಕ್ಕಿಯೂ ಒಂದೇ ಪಿಕ್ಸೆಲ್, ದೊಡ್ಡ ಚಿತ್ರದಲ್ಲಿ ಸುಮ್ನೆ ಧೂಳಿನ ಥರ ಕಾಣುತ್ತೆ. ಅದಕ್ಕೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪಲ್ಲಿ ಬರೆದು, ಲೇಯರ್ (ಚಿತ್ರದ ಪದರ) ಎಲ್ಲ ಒಂದುಮಾಡಿ, ಸ್ವಲ್ಪ ಗಾಸಿಯನ್ ಬ್ಲರ್ (ಚಿತ್ರ ಮಸುಕು ಮಾಡೋ ಫಿಲ್ಟರ್) ಕೊಟ್ಟು, ಲೆವೆಲ್ಸ್‌ನಲ್ಲಿ (ಕಪ್ಪು-ಬಿಳುಪಿನ ಮಟ್ಟ ಹೊಂದಿಸೋ ಕಡೆ) ಎರಡೂ ತುದಿಯ ಸ್ಲೈಡರ್ ಹತ್ತಿರ ತಂದೆ. ಅಕ್ಕಪಕ್ಕದ ಚುಕ್ಕಿಗಳು ಕೂಡಿಕೊಂಡು ಹನಿಗಳಾದವು! ಬ್ಲರ್ ಜಾಸ್ತಿಯಾದರೆ ಮಾತ್ರ ಚಿಕ್ಕ ಚುಕ್ಕಿ ಮಾಯ.

ಸೋರಿದ ಬಣ್ಣದ ಗೆರೆಗಳನ್ನು ಗಟ್ಟಿ ಬ್ರಷ್‌ನಲ್ಲಿ ಕೈಯಲ್ಲೇ ಎಳೆದೆ.