ಒಂದೇ ಒಂದು ವಿಜಯನಗರದ ಚಿನ್ನದ ನಾಣ್ಯ ಇಟ್ಟುಕೊಳ್ಳುವುದಾದರೆ ಯಾವುದು?

ತುಂಗಭದ್ರೆ_ದಡ

ಎಲ್ಲರಿಗೂ ನಮಸ್ಕಾರ. ದೊಡ್ಡ ಸಂಗ್ರಹ ಕಟ್ಟುವ ಆಲೋಚನೆ ಇಲ್ಲ. ಮಕ್ಕಳ ಕಾಲಕ್ಕೂ ಮನೆಯಲ್ಲಿ ಉಳಿಯುವಂಥ ಒಂದೇ ಒಂದು ವಿಜಯನಗರದ ಚಿನ್ನದ ನಾಣ್ಯ ಬೇಕು. ಮೂರು ಮನಸ್ಸಿನಲ್ಲಿವೆ: ಹರಿಹರ ಅಥವಾ ದೇವರಾಯರ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ. ಪೂರ್ತಿ ವರಹ ಕೈಗೆಟುಕದಿದ್ದರೆ ಅರ್ಧ ವರಹವೂ ಆದೀತು. ಯಾವುದನ್ನು ಆರಿಸಲಿ? ನೋಡುವಾಗ ಏನೇನು ಗಮನಿಸಬೇಕು, ನಕಲಿಯನ್ನು ಹಿಡಿಯುವುದು ಹೇಗೆ? ಇನ್ನೊಂದು ವಿಷಯ, ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಮುಂದೆ ಅವನಿಗೆ ಕಳಿಸಿಕೊಡಲು ಬರುತ್ತದೆಯೇ?

ಮೂರು_ಸಾಲು

ಗಂಡಭೇರುಂಡದ ಅರ್ಧ ವರಹ. ಎರಡನೇ ಯೋಚನೆ ಬೇಡ ಎನ್ನುವಷ್ಟು ಖಚಿತವಾಗಿ ಹೇಳುತ್ತೇನೆ, ಕಾರಣವೂ ಇದೆ.

ವರಹದ ತೂಕ ಸುಮಾರು 3.4 ಗ್ರಾಂ, ಅರ್ಧ ವರಹ ಅಂದರೆ ಪ್ರತಾಪ 1.7 ಗ್ರಾಂ. ಅರ್ಧ ವರಹದ ಅಗಲ 10 ಮಿ.ಮೀ. ಆಸುಪಾಸು, ಅಂಗಿಯ ಗುಂಡಿಯಷ್ಟೂ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಕ್ಕಪಕ್ಕ ಕೂತ ಇಬ್ಬರು ದೇವರನ್ನು ಕೆತ್ತಿದರೆ, ನಾಣ್ಯ ಸ್ವಲ್ಪ ಸವೆಯುತ್ತಲೇ ಎರಡು ಉಬ್ಬು ಮಾತ್ರ ಉಳಿಯುತ್ತವೆ. ಉಮಾಮಹೇಶ್ವರಕ್ಕೆ ಆಗುವುದು ಇದೇ. ಮೇಲಾಗಿ ಆ ಚಿತ್ರವನ್ನು ಒಬ್ಬನೇ ರಾಜ ಟಂಕಿಸಲಿಲ್ಲ. ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಪ್ರತಾಪ ಹರಿಹರ’ ಎಂದಿದೆಯೋ ‘ಶ್ರೀ ಪ್ರತಾಪ ದೇವರಾಯ’ ಎಂದಿದೆಯೋ ಎನ್ನುವುದು ಗೊತ್ತಾಗುವುದು ಕೊನೆಯ ಸಾಲಿನಿಂದ. ಆ ಸಾಲೇ ಅಂಚಿನಾಚೆ ಹೋಗಿದ್ದರೆ ನಿಮ್ಮ ಕೈಯಲ್ಲಿರುವುದು ಯಾರ ನಾಣ್ಯ ಎಂದು ಹೇಳಲಾಗದು.

ಬಾಲಕೃಷ್ಣ ಚೆಂದವೇ. ಕೃಷ್ಣದೇವರಾಯ ಉದಯಗಿರಿಯಿಂದ ತಂದ ಬಾಲಕೃಷ್ಣನ ವಿಗ್ರಹ, 1515ರಲ್ಲಿ ಹಂಪಿಯಲ್ಲಿ ಎದ್ದ ಕೃಷ್ಣ ದೇವಾಲಯ, ಇವೆಲ್ಲ ಜೊತೆಗೆ ನೆನಪಾಗುತ್ತವೆ. ಆದರೆ ಬೆಣ್ಣೆ ಹಿಡಿದ ಕೈ ಮತ್ತು ಮಡಿಸಿದ ಮಂಡಿ ಸ್ಪಷ್ಟವಾಗಿರುವ ಪ್ರತಿಗೆ ಬೇಡಿಕೆ ಜಾಸ್ತಿ. ರಾಜನ ಹೆಸರಿನ ಬಲದಿಂದಲೇ ಸಾಧಾರಣ ಪ್ರತಿಯೂ ದುಬಾರಿಗೆ ಮಾರಾಟವಾಗುತ್ತದೆ. ಹಾಕಿದ ದುಡ್ಡಿಗೆ ಕಣ್ಣಿಗೆ ಸಿಗುವುದು ಕಡಿಮೆ.

ಗಂಡಭೇರುಂಡದ ವಿಷಯ ಬೇರೆ. ಎರಡು ದಿಕ್ಕಿಗೆ ಚಾಚಿದ ಎರಡು ತಲೆ, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು. ಹೊರರೇಖೆಯೇ ಇಡೀ ಚಿತ್ರವಾದ್ದರಿಂದ ಸವೆದರೂ ಹಕ್ಕಿ ಹಕ್ಕಿಯಾಗಿಯೇ ಕಾಣುತ್ತದೆ. ಕಾಲದ ಬಗ್ಗೆಯೂ ಗೊಂದಲವಿಲ್ಲ, ಅಚ್ಯುತರಾಯ ಆಳಿದ್ದು 1529ರಿಂದ 1542. ಬಳ್ಳಿಗಾವೆಯಲ್ಲಿ 1047ರ ಭೇರುಂಡ ಕಂಬ ಇದೆ, ಆಮೇಲೆ ಮೈಸೂರು ಒಡೆಯರ ಲಾಂಛನ, ಈಗ ನಮ್ಮ ರಾಜ್ಯದ ಲಾಂಛನ. ಮಕ್ಕಳ ಕೈಗೆ ಕೊಟ್ಟರೆ ನೋಡಿದ ಕೂಡಲೇ ಗುರುತಿಸುತ್ತಾರೆ.

ನೋಡಬೇಕಾದ್ದು ಇಷ್ಟು. ಆಗಿನ ಅಚ್ಚು ನಾಣ್ಯದ ಬಿಲ್ಲೆಗಿಂತ ಅಗಲವಾಗಿರುತ್ತಿತ್ತು, ಹಾಗಾಗಿ ಪ್ರತಿ ನಾಣ್ಯದಲ್ಲೂ ಏನಾದರೊಂದು ಅಂಚಿನಾಚೆ ಹೋಗಿಯೇ ಇರುತ್ತದೆ. ಏನು ಹೋದರೆ ಪರವಾಗಿಲ್ಲ ಎಂದು ನೀವು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಎರಡೂ ತಲೆ ಪೂರ್ತಿ ಇರಬೇಕು, ಕನಿಷ್ಠ ಎರಡು ಆನೆ ಗುರುತು ಸಿಗಬೇಕು. ಹಿಂಬದಿಯಲ್ಲಿ ‘ಶ್ರೀ ಪ್ರತಾಪಾಚ್ಯುತರಾಯ’ ಎಂದು ಮೂರು ಸಾಲು, ನಡುವೆ ಅಡ್ಡಗೆರೆ. ಅದರಲ್ಲಿ ನಡುಸಾಲು ಓದಲು ಬರಲೇಬೇಕು. ಬಾಲ ಅಥವಾ ‘ಶ್ರೀ’ಯ ಮೇಲ್ತುದಿ ಕತ್ತರಿಸಿಹೋಗಿದ್ದರೆ ಬಿಟ್ಟುಬಿಡಿ, ಅದೇನೂ ದೋಷವಲ್ಲ.

ಮಾರುವವರು ಸವೆತವನ್ನೂ ಅಚ್ಚು ಸರಿಯಾಗಿ ಕೂರದ್ದನ್ನೂ ಒಂದೇ ಹೆಸರಿನಲ್ಲಿ ಹೇಳಿಬಿಡುತ್ತಾರೆ. ಎರಡೂ ಬೇರೆ. ಒಂದು ಮೂಲೆ ಮಾತ್ರ ಚಪ್ಪಟೆ, ಅಲ್ಲಿನ ಮೇಲ್ಮೈ ತರಿತರಿ, ಪಕ್ಕದ ಅಕ್ಷರ ಚೂಪು ಅಂದರೆ ಪೆಟ್ಟು ಅಲ್ಲಿ ಬಿದ್ದಿಲ್ಲ. ಎತ್ತರದ ಭಾಗಗಳೆಲ್ಲ ಒಂದೇ ಸಮ ನುಣುಪಾಗಿ ಹೊಳೆಯುತ್ತಿದ್ದರೆ ಅದು ಸವೆತ. ಮೊದಲನೆಯದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು.

ಒರೆಗಲ್ಲು

ಆಯ್ಕೆಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ನಕಲಿಯ ವಿಷಯಕ್ಕೆ ಬರುತ್ತೇನೆ.

ವಿಜಯನಗರದ ಅಪಾಯಕಾರಿ ನಕಲಿಗಳು ಹಿತ್ತಾಳೆಯವಲ್ಲ, ಚಿನ್ನದವೇ. ನಾಣ್ಯದ ಬೆಲೆ ಅದರಲ್ಲಿರುವ ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚಿರುವುದರಿಂದ ಅಸಲಿ ಚಿನ್ನ ಹಾಕಿಯೇ ಮಾಡುತ್ತಾರೆ. ಆದ್ದರಿಂದ ಅಕ್ಕಸಾಲಿಗರು ನೋಡಿ ‘ಚಿನ್ನ ಸರಿಯಿದೆ’ ಎಂದರೆ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಂತೆ. ದಯವಿಟ್ಟು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ, ಅಂಚಿನಲ್ಲಿ ಗೀರು ಶಾಶ್ವತವಾಗಿ ಉಳಿಯುತ್ತದೆ. ಎಕ್ಸ್‌ರೇ ಹಾಯಿಸಿ ಯಾವ ಲೋಹ ಎಷ್ಟಿದೆ ಎಂದು ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಇರುವ ಅಂಗಡಿಗೆ ಹೋಗಿ, ಅದು ನಾಣ್ಯಕ್ಕೆ ಏನೂ ಮಾಡುವುದಿಲ್ಲ. ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ, ಒಳಗೆ ಏನಿದೆ ಎಂದು ತಿಳಿಯಲು ಸಾಂದ್ರತೆ ನೋಡಬೇಕು.

ಮನೆಯಲ್ಲೇ ಮಾಡಬಹುದು. ಮೊದಲು ನಾಣ್ಯವನ್ನು ಒಣದಾಗಿ ತೂಗಿ. ಆಮೇಲೆ ತಕ್ಕಡಿ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ತೆಳ್ಳನೆಯ ನೈಲಾನ್ ಎಳೆಯಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. 3.40 ಗ್ರಾಂ ವರಹ 0.19 ತೋರಿಸಿದರೆ 17.9, ಹೆಚ್ಚುಕಡಿಮೆ 22 ಕ್ಯಾರೆಟ್. ಬೆಳ್ಳಿಗೆ ಚಿನ್ನದ ಲೇಪ ಹಾಕಿದ್ದರೆ 10.5ರ ಹತ್ತಿರ, ಹಿತ್ತಾಳೆಗೆ 8.5ರ ಹತ್ತಿರ ಬರುತ್ತದೆ.

ಜನ ಎಡವುವುದು ತಕ್ಕಡಿಯಲ್ಲಿ. 0.01 ಗ್ರಾಂ ತಕ್ಕಡಿಯಲ್ಲಿ ಒಂದೇ ಅಂಕಿ ಆಚೀಚೆಯಾದರೂ ಅದೇ ವರಹ 17.0 ಅಥವಾ 18.9 ಆಗಿಬಿಡುತ್ತದೆ. ಅರ್ಧ ವರಹಕ್ಕಂತೂ ಆ ತಕ್ಕಡಿ ಉಪಯೋಗವೇ ಇಲ್ಲ, ತಳ್ಳುವ ನೀರೇ 0.095 ಗ್ರಾಂ. 0.001 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ಫ್ಯಾನ್ ಆರಿಸಿರಬೇಕು. ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ನೀರಿನ ತೂಕ ಜಾಸ್ತಿ ತೋರಿಸಿ ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ.

ಇನ್ನು ಅಚ್ಚಿನ ಪರೀಕ್ಷೆ, 10 ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಗುಂಡನೆಯ ಕುಳಿಗಳು, ಅಕ್ಷರದ ಬುಡ ನೆಲಕ್ಕೆ ಕರಗಿ ಕೂಡಿಕೊಂಡಂತೆ, ಅಂಚಿನ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಸುತ್ತಿಗೆಯಿಂದ ಟಂಕಿಸಿದ್ದರಲ್ಲಿ ಅಕ್ಷರದ ಗೋಡೆ ನೇರವಾಗಿ ಎದ್ದಿರುತ್ತದೆ, ಅಂಚಿನಲ್ಲಿ ಪೆಟ್ಟಿಗೆ ಬಿಟ್ಟ ಸೀಳು ಕಾಣಬಹುದು. ಹೊಸ ಅಚ್ಚಿನಿಂದ ಟಂಕಿಸಿದ ನಕಲಿಗೆ ಈ ಪರೀಕ್ಷೆ ಸಾಲದು. ಅದಕ್ಕೆ ಒಂದೇ ದಾರಿ, ಹಳೆಯ ಹರಾಜುಗಳ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು. ಒಂದೇ ಅಚ್ಚಿನ ಎರಡು ಅಸಲಿ ನಾಣ್ಯ ಸಿಗುವುದು ಸಹಜ. ಆದರೆ ಅದೇ ಕಡೆಗೆ ಅಷ್ಟೇ ಸರಿದ ಅಚ್ಚು, ಅದೇ ಜಾಗದಲ್ಲಿ ಅದೇ ಗೀರು, ಅದೇ ಆಕಾರದ ಅಂಚು ಎರಡು ನಾಣ್ಯಗಳಲ್ಲಿ ಕಂಡರೆ ಒಂದಾದರೂ ನಕಲು ಎನ್ನುವುದು ಖಚಿತ.

ಫೋಟೊ ನೋಡಿ ಕಣ್ಣು ಪಳಗುವುದು ಕಷ್ಟ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ಆ ಬ್ಯಾಂಕಿನ (ಈಗ ಯೂನಿಯನ್ ಬ್ಯಾಂಕಿನ) ನಾಣ್ಯ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ, ಖರೀದಿಗೆ ಮುಂಚೆ.

ಇಕ್ಕೇರಿ_ಟಂಕಸಾಲೆ

ಕೇಳಿದ್ದು ವಿಜಯನಗರ, ಆದರೂ ಒಂದು ಮಾತು ಸೇರಿಸುತ್ತೇನೆ. ಪೂರ್ತಿ ವರಹವೇ ಬೇಕು ಎಂಬ ಆಸೆಯಿದ್ದರೆ ಇಕ್ಕೇರಿ ವರಹವನ್ನು ಯಾಕೆ ಬಿಡುತ್ತೀರಿ? ಕೆಳದಿ ನಾಯಕರು ಶಿವ ಪಾರ್ವತಿಯರನ್ನು ಹಾಕಿ ಹಿಂಬದಿಯಲ್ಲಿ ‘ಶ್ರೀ ಸದಾಶಿವ’ ಎಂದು ಬರೆಸಿದರು. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿ ದೇವರ ಚಿತ್ರವನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಪಾರ್ಸಿಯಲ್ಲಿ ಹಾಕಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ಶಿವ ಪಾರ್ವತಿ, ಹಿಂದೆ ‘ಶ್ರೀ ಕೃಷ್ಣರಾಜ’. ನಾಯಕರು, ನವಾಬ, ಒಡೆಯರು ಮೂವರೂ ಒಪ್ಪಿಕೊಂಡ ಚಿತ್ರ ಅದು. ಜನ ಕಣ್ಣುಮುಚ್ಚಿ ನಂಬುತ್ತಿದ್ದ ನಾಣ್ಯದ ಚಿತ್ರವನ್ನು ಈ ಮೂವರೂ ಬದಲಿಸಲು ಹೋಗಲಿಲ್ಲ.

ಮೂರು_ಸಾಲು

ಹೈದರನದಾದರೆ ನನ್ನ ಪೂರ್ತಿ ಒಪ್ಪಿಗೆ ಇದೆ. ‘ಶ್ರೀ ಸದಾಶಿವ’ದಲ್ಲಿ ಒಂದು ತೊಡಕು, ಮುಂದಿನ ನಾಯಕರೂ ಅದೇ ಹೆಸರನ್ನು ಮುಂದುವರಿಸಿದ್ದರಿಂದ ಇಂಥವರ ಕಾಲದ್ದು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದೇ ನಾಣ್ಯ ಇಟ್ಟುಕೊಳ್ಳುವವರಿಗೆ ಆ ಖಚಿತತೆ ಮುಖ್ಯ.

ತುಂಗಭದ್ರೆ_ದಡ

ಎಲ್ಲರಿಗೂ ಧನ್ಯವಾದ, ಗಂಡಭೇರುಂಡ ಎಂದು ನಿರ್ಧಾರ ಮಾಡಿದೆ. ಒಬ್ಬರ ಹತ್ತಿರ 1.68 ಗ್ರಾಂನದು ಇದೆ. ಎರಡೂ ತಲೆ, ಮೂರು ಆನೆ ಸ್ಪಷ್ಟ. ಆದರೆ ಅಂಚಿನ ಒಂದು ಕಡೆ ಬಣ್ಣ ಸ್ವಲ್ಪ ಬಿಳಿಚಿದೆ, ಅಲ್ಲಿ ಸಣ್ಣ ಉಬ್ಬು. ಏನಿದು?

ಒರೆಗಲ್ಲು

ಬೆಸುಗೆಯ ಗುರುತು. ಕಾಸಿನ ಸರಕ್ಕೋ ಪದಕಕ್ಕೋ ಕೊಕ್ಕೆ ಹಚ್ಚಿ, ಆಮೇಲೆ ಕಿತ್ತು ಉಜ್ಜಿದ್ದಾರೆ. ಬೆಸುಗೆಯಲ್ಲಿ ಬೆಳ್ಳಿಯ ಪಾಲು ಹೆಚ್ಚು, ಅದಕ್ಕೇ ಬಿಳಿಚು. ನಕಲಿ ಎಂದು ಅರ್ಥವಲ್ಲ. ಆದರೆ ಬೆಸುಗೆ ಹಾಕುವಾಗ ಬಿಸಿ ತಾಗಿ ಪಕ್ಕದ ಅಕ್ಷರಗಳ ಚೂಪು ಹೋಗಿರುತ್ತದೆ, ಆಭರಣವಾಗಿ ಪಾಲಿಶ್ ಕೂಡ ಆಗಿರುತ್ತದೆ. ಸಂಗ್ರಾಹಕರು ಇಂಥದ್ದಕ್ಕೆ ಸ್ಪಷ್ಟವಾಗಿ ಬೆಲೆ ಇಳಿಸುತ್ತಾರೆ. ಅರ್ಧ ವರಹದ ಗಂಡಭೇರುಂಡ ಸಿಗದ ವಸ್ತುವಲ್ಲ, ಕಾಯಿರಿ. ಹರಾಜಿನಲ್ಲಿ ಕೂಗುವಾಗ ಕೂಗಿದ ಮೊತ್ತದ ಮೇಲೆ ಕಮಿಷನ್ ಮತ್ತು ಜಿಎಸ್‌ಟಿ ಸೇರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಎರಡೂ ಬದಿಯ ಫೋಟೊ, ತೂಕ ಮತ್ತು ನಕಲಿ ಎಂದಾದರೆ ವಾಪಸ್ ಪಡೆಯುವ ಷರತ್ತು ಬರಹದಲ್ಲಿರಲಿ.

ಸಂಪುಟ_ಸಂಪಿಗೆ

ತಮ್ಮನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಆಗುವುದಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕೊರಿಯರ್ ಆಗಲಿ, ಅವರು ಊರಿಗೆ ಬಂದು ಹೋಗುವಾಗ ಪರ್ಸಿನಲ್ಲಾಗಲಿ, ಎರಡೂ ತಪ್ಪೇ. ನಾಣ್ಯ ಇಲ್ಲೇ ಇರಲಿ. ಹಾಗೆಯೇ ‘ಹೊಲ ಉಳುವಾಗ ಸಿಕ್ಕಿದ್ದು’ ಎಂದು ಯಾರಾದರೂ ತೋರಿಸಿದರೆ ಕೊಳ್ಳಬೇಡಿ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಬಿಲ್ಲಿಲ್ಲದ ವ್ಯವಹಾರ ನಿಮ್ಮ ತಲೆಗೇ ಬರುತ್ತದೆ.

ಜೋಪಾನದ ಬಗ್ಗೆ. ಚಿನ್ನಕ್ಕೆ ತುಕ್ಕಿನ ಭಯವಿಲ್ಲ, ಇರುವುದು ಕೈಯ ಭಯ. ಒಡವೆ ತೊಳೆದ ಹಾಗೆ ಅಂಟುವಾಳದ ನೊರೆ ಹಾಕಿ ಬ್ರಷ್‌ನಿಂದ ತಿಕ್ಕಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡುವ ಮನಸ್ಸಿದ್ದರೆ ಧಾರಾಳವಾಗಿ ಇಡಿ, ಅರಿಶಿನ ಕುಂಕುಮ ಮಾತ್ರ ನಾಣ್ಯಕ್ಕೆ ಹಚ್ಚಬೇಡಿ. ಅದು ಅಕ್ಷರದ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ, ಪಿನ್ನಿನಿಂದ ಕೆದಕಿದರೆ ನಾಣ್ಯ ಹಾಳು. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ಒಳಗಿಟ್ಟು, ಕುಂಕುಮವನ್ನು ಕ್ಯಾಪ್ಸೂಲಿಗೇ ಇಡಿ.

ಮೆತ್ತನೆಯ ಪಿವಿಸಿ ಕವರ್ ಬೇಡ. ವರ್ಷಗಳಾದ ಮೇಲೆ ಅದು ಅಂಟು ಬಿಡುತ್ತದೆ. ಈಗಾಗಲೇ ಅಂಟಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಹತ್ತು ನಿಮಿಷ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಒಮ್ಮೆ ಅದ್ದಿ, ಒರೆಸದೆ ಒಣಗಲು ಬಿಡಿ. ಒಲೆ, ದೀಪ ಹತ್ತಿರ ಇರಬಾರದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ ಬೆರೆತಿರುತ್ತದೆ, ಅದನ್ನು ಬಳಸಬೇಡಿ. ಕ್ಯಾಪ್ಸೂಲ್ ಬಿಚ್ಚುವುದಾದರೆ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಅಂಚಿನಲ್ಲಿ ಹಿಡಿಯಿರಿ. ಗ್ರಾನೈಟ್ ನೆಲಕ್ಕೆ ಒಮ್ಮೆ ಬಿದ್ದರೆ ಅಂಚು ಚಪ್ಪಟೆಯಾಗುತ್ತದೆ, ಅರ್ಧ ವರಹವಾದರೆ ಉರುಳಿ ಹೋಗಿ ಹುಡುಕುವುದೂ ಕಷ್ಟ. ಬ್ಯಾಂಕ್ ಲಾಕರಿನಲ್ಲಿ ನಾಣ್ಯದ ಜೊತೆ ಬಿಲ್ಲಿನ ಪ್ರತಿ ಇಡಿ, ಮೂಲ ಬಿಲ್ಲು ಮತ್ತು ಫೋಟೊಗಳನ್ನು ಮನೆಯಲ್ಲಿ ಬೇರೆಯಾಗಿ ಇಡಿ.