ಬಚ್ಚಲಿಗೆ ಆರ್9 ಟೈಲ್ಸ್ ಸಾಕಾ? ಗೊತ್ತಿದ್ದವರು ದಯವಿಟ್ಟು ಹೇಳಿ

ತುಂಗಾತೀರ:
ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸ್ತಾ ಇದ್ದೇವೆ. ಗಾರೆ ಕೆಲಸ ಮುಗಿದಿದೆ, ಇನ್ನು ಟೈಲ್ಸ್ ತರಬೇಕು. ಬಚ್ಚಲು 5 ಅಡಿಗೆ 8 ಅಡಿ. ಮುಂದೆ ಮಳೆ ಇರಚಲು ಬೀಳುವ ಸಿಟ್‌ಔಟ್ ಇದೆ. ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಆಗಲೇ ಕೂರಿಸಿ ಆಗಿದೆ. ಅಮ್ಮನಿಗೆ 74 ವರ್ಷ, ಮನೆಯೊಳಗೆ ಬರಿಗಾಲಲ್ಲೇ ಓಡಾಟ. ಒಂದು ಅಂಗಡಿಯವರು "ಆರ್9 ಇದೆ ಸಾರ್, ಆ್ಯಂಟಿಸ್ಕಿಡ್ಡು, ಕಣ್ಣು ಮುಚ್ಚಿ ಹಾಕಿ" ಅಂದರು. ಇನ್ನೊಬ್ಬರು ಆರ್11 ಇಲ್ಲದೆ ಬಚ್ಚಲಿಗೆ ಕೊಡೋದೇ ಇಲ್ಲ ಅಂದರು. ಈ ನಂಬರ್ ಏನು, ಎಲ್ಲಿಗೆ ಯಾವುದು ಹಾಕಬೇಕು?

ಸೈಟ್ ಇಂಜಿನಿಯರ್:
ಆರ್9 ಅಂದ ತಕ್ಷಣ ಹತ್ತಕ್ಕೆ ಒಂಬತ್ತು ಅಂಕ ಅಂತ ಅನಿಸುತ್ತೆ, ಅಂಗಡಿಯವರಿಗೂ ಅದೇ ಅನುಕೂಲ. ಆದರೆ ಆ ಪಟ್ಟಿ ಶುರುವಾಗೋದೇ ಒಂಬತ್ತರಿಂದ. ಆರ್9 ಅಂದರೆ ಕೊನೇ ಬೆಂಚು.

ಇದು ಜರ್ಮನಿಯ ಡಿಐಎನ್ 51130 ಪರೀಕ್ಷೆಯ ಲೆಕ್ಕ. ಟೈಲ್ಸ್ ಕೂರಿಸಿದ ಹಲಗೆಗೆ ಇಂಜಿನ್ ಆಯಿಲ್ ಸವರಿ, ಬೂಟು ಹಾಕಿದವರನ್ನು ಅದರ ಮೇಲೆ ನಡೆಸುತ್ತಾ ಹಲಗೆಯನ್ನು ನಿಧಾನಕ್ಕೆ ವಾಲಿಸ್ತಾರೆ. 6ರಿಂದ 10 ಡಿಗ್ರಿಯೊಳಗೆ ಕಾಲು ಜಾರಿದರೆ ಆರ್9. 19 ಡಿಗ್ರಿವರೆಗೆ ಆರ್10, 27ರವರೆಗೆ ಆರ್11, 35ರವರೆಗೆ ಆರ್12, ಅದಕ್ಕೂ ಮೇಲೆ ಆರ್13. ಆರ್10 ಒಳಗೇ ಒಂಬತ್ತು ಡಿಗ್ರಿ ಅಂತರ ಇದೆ ನೋಡಿ. 11ಕ್ಕೆ ಜಾರಿದ್ದೂ ಆರ್10, 18ಕ್ಕೆ ಜಾರಿದ್ದೂ ಆರ್10. ಹಾಗಾಗಿ ವರದಿಯಲ್ಲಿ ಡಿಗ್ರಿ ಬರೆದಿದ್ದರೆ ಅದನ್ನೇ ನೋಡಿ.

ನಿಮ್ಮ ಅಮ್ಮ ಬೂಟು ಹಾಕ್ಕೊಂಡು ಎಣ್ಣೆ ಮೇಲೆ ನಡೆಯಲ್ಲ, ಸೋಪಿನ ನೀರಲ್ಲಿ ಬರಿಗಾಲಲ್ಲಿ ನಿಲ್ತಾರೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಡಿಐಎನ್ 51097. ಅಲ್ಲಿ ಎ, ಬಿ, ಸಿ ಅಂತ ಮೂರು ವರ್ಗ: ಎ ಕನಿಷ್ಠ 12 ಡಿಗ್ರಿ, ಬಿ 18, ಸಿ 24. ಬಟ್ಟೆ ಬದಲಿಸುವ ಕೋಣೆಯಂಥ ಜಾಗಕ್ಕೆ ಎ, ಶವರ್ ಕೆಳಗೆ ಮತ್ತು ಈಜುಕೊಳದ ಸುತ್ತ ಬಿ, ಕೊಳಕ್ಕೆ ಇಳಿಯುವ ಮೆಟ್ಟಿಲಿಗೆ ಸಿ. ನಿಮ್ಮ ಬಚ್ಚಲಿಗೆ ಕೇಳಬೇಕಾದದ್ದು ಬಿ. ಆರ್ ನಂಬರ್‌ನಿಂದ ಈ ವರ್ಗವನ್ನು ಊಹಿಸೋಕೆ ಬರಲ್ಲ. ಎರಡೂ ಪರೀಕ್ಷೆ ಈಗ ಯುರೋಪಿನ ಇಎನ್ 16165 ಒಳಗೆ ಸೇರಿವೆ, ವರದಿಯಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ.

ಕೆಲವು ಕಂಪನಿಗಳು ಪೆಂಡುಲಮ್ ಅಂಕ ಕೊಡ್ತಾರೆ, ಅಂದರೆ ರಬ್ಬರ್ ಕಟ್ಟಿದ ತೂಗುವ ತೋಳನ್ನು ಟೈಲ್ಸ್ ಮೇಲೆ ಸವರಿಸಿ ಅಳೆದದ್ದು. ಒದ್ದೆ ನೆಲದಲ್ಲಿ 36 ಅಥವಾ ಮೇಲಿದ್ದರೆ ಒಳ್ಳೇದು, 24 ಅಥವಾ ಕೆಳಗಿದ್ದರೆ ಮುಟ್ಟಬೇಡಿ. ಅಮೆರಿಕದ ಲೆಕ್ಕದಲ್ಲಿ ಒಳಗಿನ ಸಮತಟ್ಟು ಒದ್ದೆ ನೆಲಕ್ಕೆ ಘರ್ಷಣೆಯ ಅಂಕ, ಅಂದರೆ ಹಿಡಿತದ ಅಳತೆ, ಕನಿಷ್ಠ 0.42. ಬರೀ "0.6" ಅಂತ ಬರೆದಿದ್ದರೆ ಒಣಗಿದ್ದಾಗಲೋ ಒದ್ದೆಯಲ್ಲೋ ಅಂತ ಕೇಳಿ. ಒಣಗಿದ ಅಂಕ ನಿಮಗೆ ಕೆಲಸಕ್ಕೆ ಬರಲ್ಲ, ಕನ್ನಡಿಯಂಥ ಟೈಲ್ಸೂ ಒಣಗಿದ್ದಾಗ ಕಾಲು ಹಿಡಿಯುತ್ತೆ. ಇನ್ನು ಪಿಇಐ 4 ಅಂತ ತೋರಿಸಿದರೆ ಅದು ಸವೆತದ ಅಂಕ, ಜಾರೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶೋರೂಮ್ ಕೌಂಟರ್:
ಇಂಜಿನಿಯರ್ ಸಾರ್ ಹೇಳಿದ್ದು ಸರಿ. ಆದರೆ ನಮ್ಮ ಕಡೆ ಅಂಗಡಿಗೆ ಬರುವ ಎಷ್ಟೋ ಮಾಲಿನ ಜೊತೆ ಇಂಥ ವರದಿಯೇ ಇರಲ್ಲ. ಕಂಪನಿಯವರಿಗೆ ಮೇಲ್ ಹಾಕಿಸಿ ಕೇಳಿ. ಸಿಗಲಿಲ್ಲ ಅಂದರೆ ಕೈ ಮತ್ತು ಕಾಲು ಬಳಸಿ.

ಉಬ್ಬು ತಗ್ಗು ಬೇರೆ, ಒರಟು ಬೇರೆ. ಪಂಚ್ ಡಿಸೈನ್, ಕಲ್ಲಿನ ಥರ ಅಲೆ ಅಲೆ ಇರುವ ಟೈಲ್ಸ್ ನೋಡೋಕೆ ಒರಟಾಗಿ ಕಾಣುತ್ತೆ. ಆದರೆ ಆ ಉಬ್ಬಿನ ನೆತ್ತಿ ಮೇಲೆ ಗ್ಲೇಜ್ (ಗಾಜಿನಂಥ ಮೇಲ್ಪದರ) ನುಣ್ಣಗಿದ್ದರೆ ಕಾಲು ತಾಗೋದು ಆ ನುಣುಪಿಗೇ, ಜಾರುತ್ತೆ. ಬೇಕಾದದ್ದು ಕಣ್ಣಿಗೆ ಕಾಣದ ಸಣ್ಣ ತರಿತರಿ. ಕಾಲಿಗೂ ಟೈಲ್ಸಿಗೂ ಮಧ್ಯೆ ನೀರಿನ ಪೊರೆ ನಿಲ್ಲುತ್ತಲ್ಲ, ಆ ತರಿ ಪೊರೆಯನ್ನು ಸೀಳಿ ಪಾದಕ್ಕೆ ತಾಗಬೇಕು. ಬ್ರಿಟನ್ನಿನ ಸುರಕ್ಷತಾ ಇಲಾಖೆ ಎಚ್‌ಎಸ್‌ಇ ಕೊಡುವ ಅಂದಾಜು ಹೀಗಿದೆ: ಬರೀ ನೀರಿಗೆ 20 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಒರಟು ಸಾಕು, ಸೋಪಿನ ನೀರಿಗೆ 45 ಬೇಕು, ಆಲಿವ್ ಎಣ್ಣೆಯಂಥದ್ದಕ್ಕೆ 70. ಬರೀ ನೀರಲ್ಲಿ ಗಟ್ಟಿಯಾಗಿ ನಿಲ್ಲುವ ಟೈಲ್ಸ್ ಶಾಂಪೂ ಬಿದ್ದಾಗ ಕೈಕೊಡೋದು ಇದಕ್ಕೇ.

ಅಂಗಡಿಯಲ್ಲಿ ಹೀಗೆ ಮಾಡಿ. ಎರಡು ಮೂರು ಸ್ಯಾಂಪಲ್ ನೆಲಕ್ಕೆ ಇಳಿಸಿ. ಒಂದು ಮಗ್ ನೀರಿಗೆ ನಾಲ್ಕು ಹನಿ ಶಾಂಪೂ ಕದಡಿ ಸುರಿಯಿರಿ. ಪಕ್ಕದಲ್ಲಿ ಏನಾದರೂ ಗಟ್ಟಿಯಾಗಿ ಹಿಡಿದುಕೊಂಡು, ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ ಮುಂದಕ್ಕೆ ತಳ್ಳಿ. ಜಾರೋದು ಸಾಮಾನ್ಯವಾಗಿ ಹಿಮ್ಮಡಿ ಊರುವ ಗಳಿಗೆಯಲ್ಲೇ. ಸುಮ್ಮನೆ ಮೇಲೆ ನಿಂತು ನೋಡಿದರೆ ತಿಳಿಯಲ್ಲ, ನಿಂತಾಗ ಭಾರಕ್ಕೆ ನೀರು ಪಕ್ಕಕ್ಕೆ ಸರಿದು ಎಲ್ಲವೂ ಹಿಡಿದ ಹಾಗೇ ಅನಿಸುತ್ತೆ. ಇದರಿಂದ ಅಂಕ ಸಿಗಲ್ಲ, ಆದರೆ ಯಾವುದು ಮೇಲು ಅಂತ ಗೊತ್ತಾಗುತ್ತೆ.

ಫಿನಿಶ್ ವಿಚಾರ: ಹೈಗ್ಲಾಸ್, ಪಿಜಿವಿಟಿ (ಗ್ಲೇಜ್ ಮೇಲೆ ಪಾಲಿಶ್ ಮಾಡಿದ್ದು), ಪಾಲಿಶ್ ಡಬಲ್ ಚಾರ್ಜ್ ಥರದ ಹೊಳೆಯುವ ಟೈಲ್ಸ್ ನೀರು ಬೀಳುವ ಜಾಗಕ್ಕೆ ಬೇಡವೇ ಬೇಡ. ಸ್ಯಾಟಿನ್ ಮ್ಯಾಟ್ ಅಂತ ಕೊಡೋದು ಕೆಲವು ಸಲ ಬೆಣ್ಣೆ ಸವರಿದಂತಿರುತ್ತೆ, ಹೆಸರಲ್ಲಿ ಮ್ಯಾಟ್ ಇದೆ ಅಂತ ನಂಬಬೇಡಿ. ಶುಗರ್ ಫಿನಿಶ್ (ಸಕ್ಕರೆ ಹರಳಿನಂಥ ತರಿ ಇರುವುದು), ರಸ್ಟಿಕ್ ಮ್ಯಾಟ್ (ಹೊಳಪಿಲ್ಲದ ಒರಟು ಮೈ) ಚೆನ್ನಾಗಿ ಹಿಡಿಯುತ್ತೆ, ಆದರೆ ಕೊಳೆಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತೆ. ಅಡುಗೆಮನೆಗೆ ತೀರಾ ತರಿಯದ್ದು ಹಾಕಿದರೆ ಅರಿಶಿನ, ಎಣ್ಣೆಜಿಡ್ಡು ಉಜ್ಜಿ ಉಜ್ಜಿ ಸಾಕಾಗುತ್ತೆ. ಅಲ್ಲಿಗೆ ಆರ್10 ಮ್ಯಾಟ್ ಸಾಕು.

ಮಲೆನಾಡ ಮೇಸ್ತ್ರಿ:
ಟೈಲ್ಸ್ ಎಷ್ಟೇ ಒಳ್ಳೇದು ತನ್ನಿ, ನೀರು ನಿಂತರೆ ಜಾರುತ್ತೆ. ಬಚ್ಚಲಲ್ಲಿ 80ಕ್ಕೆ 1 ವಾಟ (ನೀರು ಹರಿಯುವ ಇಳಿಜಾರು) ಕೊಡಿಸಿ. ನಿಮ್ಮ 8 ಅಡಿ ಉದ್ದಕ್ಕೆ ಹೆಚ್ಚುಕಮ್ಮಿ ಒಂದೂಕಾಲು ಇಂಚು ಬರುತ್ತೆ. ಈ ವಾಟವನ್ನ ಕೆಳಗಿನ ಕಾಂಕ್ರೀಟಲ್ಲೇ ತೆಗೀಬೇಕು. ಟೈಲ್ಸ್ ಕೂರಿಸುವಾಗ ಗಮ್ (ಟೈಲ್ಸ್ ಅಂಟು) ದಪ್ಪ ಮಾಡಿ ಸರಿಮಾಡ್ತೀನಿ ಅಂದರೆ ಒಪ್ಪಬೇಡಿ.

ಸೈಜು ಒಂದಡಿಗೆ ಒಂದಡಿ, ಅಂದರೆ 300 ಎಂಎಂ. ಈಗ ಎಲ್ಲರಿಗೂ ಬಚ್ಚಲಿಗೂ 2 ಬೈ 4 ಬೇಕು. ದೊಡ್ಡ ಟೈಲ್ಸ್ ನೀರು ಹೋಗುವ ಜಾಲರಿ ಕಡೆ ನಾಲ್ಕೂ ದಿಕ್ಕಿನಿಂದ ಬಗ್ಗಲ್ಲ, ಮೂಲೆಯಿಂದ ಮೂಲೆಗೆ ಕೊಯ್ದು ಕೂರಿಸಬೇಕು. ಕೊಯ್ಯದೆ ಕೂರಿಸಿದರೆ ಮಧ್ಯ ನೀರು ನಿಲ್ಲುತ್ತೆ. ಸಣ್ಣ ಟೈಲ್ಸಿನ ಇನ್ನೊಂದು ಲಾಭ ಸಂದು ಜಾಸ್ತಿ, ಸಂದೂ ಕಾಲಿಗೆ ಹಿಡಿತ ಕೊಡುತ್ತೆ. 40 ಚದರಡಿಗೆ ಕಟಿಂಗ್ ಎಲ್ಲ ಸೇರಿ 46 ಪೀಸ್ ಲೆಕ್ಕ ಹಾಕಿ, ಮುಂದೆ ಒಡೆದರೆ ಬೇಕಾಗುತ್ತೆ ಅಂತ ಒಂದು ಬಾಕ್ಸ್ ಅಟ್ಟದ ಮೇಲಿಡಿ.

ಎಪಾಕ್ಸಿ ಗ್ರೌಟ್ (ಸಂದು ತುಂಬುವ ಅಂಟು) ಹಾಕಿದ ಮೇಲೆ ಒರೆಸೋದು ಮರೆತರೆ ತರಿ ಎಲ್ಲ ಅಂಟಿನಲ್ಲಿ ಮುಚ್ಚಿಹೋಗುತ್ತೆ. ಬೆಳಿಗ್ಗೆ ನೋಡಿದರೆ ಮ್ಯಾಟ್ ಟೈಲ್ಸ್ ಮೇಲೆ ಮಬ್ಬು ಹೊಳಪು ಕಾಣುತ್ತೆ, ಗಟ್ಟಿಯಾದ ಮೇಲೆ ಅದನ್ನ ಕೀಳೋದು ಕಷ್ಟ. ತರಿ ಟೈಲ್ಸಿಗೆ ಒಂದೇ ಸಲ ಇಡೀ ಕೋಣೆಗೆ ಬಳಿಯದೆ ಹತ್ತು ಹತ್ತು ಚದರಡಿ ಮುಗಿಸಿ ಆಗಿಂದಾಗ ಒರೆಸುತ್ತಾ ಹೋಗಬೇಕು.

ಬಚ್ಚಲ ಬಾಗಿಲ ಹೊರಗೂ ಒಂದು ಸಾಲು ಮ್ಯಾಟ್ ಟೈಲ್ಸೇ ಹಾಕಿಸಿ. ಒಳಗೆ ಒರಟು, ಹೊಸ್ತಿಲು ದಾಟಿದ ಕೂಡಲೆ ಒದ್ದೆ ಕಾಲು ಹಾಲಿನ ಪಾಲಿಶ್ ಮೇಲೆ. ಬಿದ್ದರೆ ಬೀಳೋದು ಅಲ್ಲೇ. ಕಾಲೊರಸು ಹಾಕಿದರೆ ಅಡಿಗೆ ರಬ್ಬರ್ ಇರಲಿ, ಇಲ್ಲದಿದ್ದರೆ ಅದೇ ಜಾರುಬಂಡೆ.

ಕೆಮಿಸ್ಟ್ರಿ ಮೇಡಂ:
ತೊಳೆಯುವ ವಿಚಾರ ಯಾರೂ ಹೇಳಲಿಲ್ಲ. ಸೋಪು ಮತ್ತು ಬೋರ್‌ವೆಲ್‌ನ ಗಡಸು ನೀರು ಸೇರಿ ಬಿಳಿ ಜಿಡ್ಡಾಗಿ ಆ ತರಿಯ ಸಂದಿಗೆ ಕೂರುತ್ತೆ. ಆಗ ಬಿ ವರ್ಗದ ಟೈಲ್ಸೂ ನುಣುಪಾಗುತ್ತೆ. ಫಿನಾಯಿಲ್ ಜಾಸ್ತಿ ಸುರಿದು ತೊಳೆಯದೆ ಬಿಟ್ಟರೂ ಪೊರೆ ಉಳಿಯುತ್ತೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ ಎರಡು ಬಕೆಟ್ ನೀರು ಹಾಕಿ. ಗಡಸು ಕಲೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಸಿಮೆಂಟ್ ಗ್ರೌಟ್ ಇದ್ದರೆ ಅದಕ್ಕೂ ಹೆಚ್ಚು ಹೊತ್ತು ಬಿಡಬೇಡಿ, ಗ್ರೌಟನ್ನೇ ತಿನ್ನುತ್ತೆ. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಒಣ ನೆಲದಲ್ಲೂ ಜಾರುತ್ತೆ ಅನ್ನೋದು ನೆನಪಿರಲಿ. ಟಾಲ್ಕಂ ಪೌಡರ್, ಬಾಗಿಲ ಮುಂದಿನ ರಂಗೋಲಿ ಪುಡಿ ಹೊಳೆಯುವ ಟೈಲ್ಸ್ ಮೇಲೆ ಚೆಲ್ಲಿದರೆ ಕಾಲಿಗೆ ಹಿಡಿತವೇ ಸಿಗಲ್ಲ.

ತುಂಗಾತೀರ:
ತುಂಬಾ ಉಪಕಾರ ಆಯ್ತು. ಬಚ್ಚಲಿಗೆ ಬಿ ವರ್ಗ, 1 ಬೈ 1 ಅಂತ ಬರ್ಕೊಂಡೆ. ಸಿಟ್‌ಔಟಿಗೆ ಏನು ಹಾಕಲಿ? ಆಗಲೇ ಹಾಕಿದ ಗ್ರಾನೈಟ್ ಮೆಟ್ಟಿಲಿಗೆ ಏನಾದರೂ ದಾರಿ ಇದೆಯಾ, ಕಿತ್ತೇ ಹಾಕಬೇಕಾ?

ಸೈಟ್ ಇಂಜಿನಿಯರ್:
ಸಿಟ್‌ಔಟಿಗೆ ಆರ್11 ಟೈಲ್ಸ್ ಇಲ್ಲವೇ ಫ್ಲೇಮ್ ಮಾಡಿದ (ಬೆಂಕಿ ಕೊಟ್ಟು ಮೈ ಒರಟು ಮಾಡಿದ) ಗ್ರಾನೈಟ್. ವಾಟ ಹೊರಗಡೆಗೆ ಇರಲಿ. ನಿಮ್ಮ ಕಡೆ ಮಳೆಗಾಲದಲ್ಲಿ ಹಾವಸೆ ಕಟ್ಟಿದರೆ ಆರ್13 ಕೂಡ ಉಳಿಸಲ್ಲ. 10 ಲೀಟರ್ ನೀರಿಗೆ 50 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಕಾಲು ಗಂಟೆ ಬಿಟ್ಟು, ಉಜ್ಜಿ ತೊಳೆಸಿ. ಹಸಿರು ಕಾಣುವ ಮೊದಲೇ ಮಾಡಿದರೆ ಬೇಗ ಮುಗಿಯುತ್ತೆ.

ಮಲೆನಾಡ ಮೇಸ್ತ್ರಿ:
ಮೆಟ್ಟಿಲು ಕೀಳೋದು ಬೇಡ. ಅಂಚಿನಿಂದ ಒಂದಿಂಚು ಒಳಗೆ, ಅಂಚಿಗೆ ಸಮಾನಾಂತರವಾಗಿ ಮೂರು ಗೆರೆ ಕೊಯ್ಸಿ, ಅಗಲ 5 ಎಂಎಂ, ಆಳ 3 ಎಂಎಂ. ಕಟ್ಟರ್‌ಗೆ ನೀರು ಬಿಡುತ್ತಾ ಕೊಯ್ಯಬೇಕು, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಚಿಗೆ ಇನ್ನೂ ಹತ್ತಿರ ಕೊಯ್ದರೆ ಮೆಟ್ಟಿಲ ಮೂಗು, ಅಂದರೆ ಮುಂದಿನ ತುದಿ, ಚಕ್ಕೆ ಎದ್ದುಹೋಗುತ್ತೆ. ಹಾಕಿದ ಕಲ್ಲಿಗೆ ಬೆಂಕಿ ಕೊಟ್ಟು ಫ್ಲೇಮ್ ಮಾಡ್ತೀನಿ ಅಂತ ಬಂದವರನ್ನ ವಾಪಸ್ ಕಳಿಸಿ, ತೆಳು ಕಲ್ಲು ಬಿರುಕು ಬಿಡುತ್ತೆ.

ಶೋರೂಮ್ ಕೌಂಟರ್:
ಕೊಯ್ಯೋದು ಬೇಡ ಅಂದರೆ ಎರಡಿಂಚಿನ ಆ್ಯಂಟಿಸ್ಕಿಡ್ ಟೇಪ್ ಇದೆ. ಮರಳುಕಾಗದದಂಥದ್ದು ಹೊರಗಿನ ಮೆಟ್ಟಿಲಿಗೆ ಸರಿ, ಒಳಗೆ ಬರಿಗಾಲಿಗೆ ಚುಚ್ಚುತ್ತೆ. ವಯಸ್ಸಾದವರ ಪಾದಕ್ಕೆ ರಬ್ಬರಿನಂಥ ಮೆತ್ತನೆ ಟೇಪ್ ಕೇಳಿ. ಕಲ್ಲನ್ನು ಥಿನ್ನರ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ, ಟೇಪಿನ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ. ಚೂಪು ಮೂಲೆ ಬೇಗ ಏಳುತ್ತೆ, ಎದ್ದ ಟೇಪಿಗೆ ಕಾಲು ಎಡವುತ್ತೆ. ಗ್ರಾನೈಟಿಗೆ ಹಚ್ಚುವ ಆ್ಯಂಟಿಸ್ಕಿಡ್ ದ್ರಾವಣವೂ ಸಿಗುತ್ತೆ. ಅದು ಕಲ್ಲಿನ ಮೈ ಸ್ವಲ್ಪ ತಿಂದು ತರಿ ಮಾಡುತ್ತೆ, ಹೊಳಪು ಕಮ್ಮಿಯಾಗುತ್ತೆ, ಓಡಾಡಿ ಸವೆದ ಮೇಲೆ ಮತ್ತೆ ಹಚ್ಚಬೇಕಾಗುತ್ತೆ. ಮೊದಲು ಉಳಿದ ತುಂಡಿನ ಮೇಲೆ ಹಚ್ಚಿ ನೋಡಿ.